ದೊರೆಸಾನಿಯ ಕಂಬ, ಅವ್ವನ ಉಡಿಯಕ್ಕಿ

ವಿಮಾನ ನಿಲ್ದಾಣಕ್ಕೆ ಯಾರನ್ನು ಬಿಡಲು ಹೋದರೂ ನಾನು ಸೀರೆ ಉಟ್ಟುಕೊಂಡೇ ಹೋಗುತ್ತೇನೆ. ಅಮೆರಿಕದ ಸಿಯಾಟಲ್ ಹತ್ತಿರ, ಸಮಾಮಿಶ್‌ನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ತಮಾಷೆ. "ಮೇಡಮ್ ಸೀರೇಲಿದ್ದಾರೆ ಅಂದ್ರೆ ಯಾರೋ ಊರಿಗೆ ಹೊರಟಿದ್ದಾರೆ ಅಂತ ಲೆಕ್ಕ" ಎಂದು ನನ್ನ ಗಂಡ ಸ್ನೇಹಿತರ ಮುಂದೆ ಹೇಳಿ ನಗಿಸುತ್ತಾರೆ. ನಾನೂ ನಗುತ್ತೇನೆ. ಯಾರಾದರೂ ಕಾರಣ ಕೇಳಿದರೆ, ಬೀರುವಿನಲ್ಲಿ ಸುಮ್ಮನೆ ಬಿದ್ದ ಸೀರೆಗಳಿಗೆ ಗಾಳಿಯಾಡಲಿ ಅಂತ, ಎಂದು ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ. ನಿಜವಾದ ಕಾರಣ ಹೇಳಬೇಕೆಂದರೆ ಇಬ್ಬರು ಹೆಂಗಸರ ಕತೆ ಹೇಳಬೇಕು. ಒಬ್ಬಳು ನನ್ನ ಅವ್ವ. ಇನ್ನೊಬ್ಬಳು ಸತ್ತು ಮುನ್ನೂರು ವರ್ಷಗಳ ಮೇಲಾದ ಇಂಗ್ಲೆಂಡಿನ ಒಬ್ಬ ದೊಡ್ಡಮನೆತನದ ಹೆಣ್ಣು.

ಮದುವೆಗೆ ಮೊದಲು ನಾನು ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಇಲ್ಲಿಗೆ ಬಂದದ್ದು ಗಂಡನ ಕೆಲಸದ ಬೆನ್ನು ಹತ್ತಿ. ಅವರ ಆಫೀಸು ಪಕ್ಕದ ಊರಿನ ಫ್ಯಾಕ್ಟೋರಿಯಾ ಎಂಬಲ್ಲಿ. ನನ್ನದು ಡಿಪೆಂಡೆಂಟ್ ವೀಸಾ. ದುಡಿಯುವ ಹಾಗಿಲ್ಲ, ಓದಲು ಅಡ್ಡಿಯಿಲ್ಲ. ಕೊತ್ತಂಬರಿ ತರಬೇಕೆಂದರೂ ಕಾರು ಬೇಕಾದ ಈ ಗುಡ್ಡದ ಮೇಲಿನ ಊರಿನಲ್ಲಿ ಮೊದಲ ಒಂದು ವರ್ಷ ನಾನು ಕಿಟಕಿಯ ಪಕ್ಕ ಕುಳಿತು ಸಿಡಿಮಿಡಿಗುಟ್ಟಿದೆ. ಆಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತೆ. ಕಲಿತ ಮೇಲೆ ಸರೋವರದ ಸೇತುವೆ ದಾಟಿ ಸಿಯಾಟಲ್‌ಗೆ ಹೋಗಿ, ಯುನಿವರ್ಸಿಟಿಯಲ್ಲಿ ಇಂಗ್ಲೆಂಡಿನ ಇತಿಹಾಸದ ಒಂದು ಕ್ಲಾಸಿಗೆ ಸೇರಿಕೊಂಡೆ. ಅಲ್ಲಿ ಕೊನೆಯಲ್ಲಿ ಒಂದು ದೀರ್ಘ ಪ್ರಬಂಧ ಬರೆದುಕೊಡಬೇಕಿತ್ತು. ಪಾಠ ಮಾಡುತ್ತಿದ್ದ ಹಿರಿಯ ಹೆಂಗಸು ನನಗೆ ಕೊಟ್ಟ ವಿಷಯ ಹದಿನೇಳನೆಯ ಶತಮಾನದ ಆ ಹೆಣ್ಣಿನ ಬದುಕು ಮತ್ತು ಕುಟುಂಬ. ಬರೆಯಲು ಶುರುಮಾಡುವಷ್ಟರಲ್ಲಿ ನಾನು ಬಸುರಿಯಾದೆ. ಆಕೆ ಒಳ್ಳೆಯವರು, ಹೆರಿಗೆಯಾದ ಮೇಲೆ ಬರೆದುಕೊಡು ಎಂದರು. ಬಾಣಂತನಕ್ಕೆ ಧಾರವಾಡದಿಂದ ಅವ್ವ ಬಂದಳು.

ಅವ್ವನ ಬಗ್ಗೆ ಹೇಳುವ ಮೊದಲು ಉಡಿ ತುಂಬುವುದರ ಬಗ್ಗೆ ಹೇಳಬೇಕು. ನಮ್ಮ ಕಡೆ ಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ಬರಿದೇ ಕಳಿಸುವುದಿಲ್ಲ. ಅವಳು ಸೆರಗು ಒಡ್ಡಿ ನಿಲ್ಲುತ್ತಾಳೆ. ಆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಮೇಲೊಂದು ಕುಪ್ಪಸದ ಖಣ ಇಟ್ಟು ಉಡಿ ತುಂಬುತ್ತಾರೆ. ನಿನ್ನ ಒಡಲು ತುಂಬಿರಲಿ, ಮನೆ ತುಂಬಿರಲಿ ಎಂದು ಹರಸುವುದು ಅದು. ಸೆರಗಿನಲ್ಲಿ ಆ ಭಾರ ಬಿದ್ದಾಗ ಹೆಣ್ಣುಮಕ್ಕಳಿಗೆ ಅಳು ಬರುತ್ತದೆ. ಆದರೆ ಉಡಿ ತುಂಬುವವಳು ಮುತ್ತೈದೆಯಾಗಿರಬೇಕು. ನಾನು ಪಿಯುಸಿಯಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರು.

ಹೀಗಾಗಿ ನನ್ನ ಮದುವೆಯಲ್ಲಿ ಉಡಿ ತುಂಬಿದವಳು ಚಿಗವ್ವ, ಅಂದರೆ ಕಾಕಾನ ಹೆಂಡತಿ. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಮೊದಲ ಸಲ ಅಮೆರಿಕಕ್ಕೆ ಹೊರಟಾಗಲೂ ಚಿಗವ್ವನೇ. ಆಮೇಲೊಮ್ಮೆ ಚಿಗವ್ವ ಊರಲ್ಲಿಲ್ಲದಾಗ ಮಗ್ಗುಲ ಮನೆಯ ಹೆಂಗಸನ್ನು ಕರೆದು ತುಂಬಿಸಿದರು. ಆಕೆಗೆ ಹಾಲು ಉಕ್ಕುತ್ತದೆಂಬ ಅವಸರ, ಅಕ್ಕಿಯನ್ನು ಸೆರಗಿಗೆ ಸುರಿದು ಓಡಿದಳು. ಅಕ್ಕಿ ಆರಿಸಿದವಳು ಅವ್ವ, ಖಣ ಆರಿಸಿ ತಂದವಳು ಅವ್ವ, ಕೊಬ್ಬರಿಗೆ ಅರಿಶಿನ ಹಚ್ಚಿ ತಟ್ಟೆ ಜೋಡಿಸಿದವಳೂ ಅವ್ವನೇ. ತಟ್ಟೆ ನನ್ನ ಸೆರಗಿನ ಹತ್ತಿರ ಬರುವ ಹೊತ್ತಿಗೆ ಮಾತ್ರ ಅದು ಬೇರೆಯವರ ಕೈಯಲ್ಲಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಕಲಿಸಿ, ಊರ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ಕೈ, ಹೆತ್ತ ಮಗಳಿಗೆ ಒಂದು ಹಿಡಿ ಅಕ್ಕಿ ಹಾಕಬಾರದೆಂದರೆ ಏನು ಅರ್ಥ?

ಒಂದೇ ಒಂದು ಸಲ ಅವ್ವ ತನ್ನ ಕೈಯಿಂದ ನನ್ನ ಉಡಿ ತುಂಬಬೇಕು ಎನ್ನುವುದು ನನ್ನ ಆಸೆಯಾಗಿತ್ತು. ಸಮಾಮಿಶ್‌ಗೆ ಬಂದರೆ ಕೇಳುವವರು ಯಾರು, ಇಲ್ಲಿ ತುಂಬಿಸಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಅವ್ವ ಬಂದ ವಾರವೇ ನನ್ನ ಕುಬಸ ಇಟ್ಟುಕೊಂಡಿದ್ದೆವು. ಬಸುರಿಗೆ ಮಾಡುವ ಶಾಸ್ತ್ರ, ಬೇರೆ ಕಡೆ ಸೀಮಂತ ಅನ್ನುತ್ತಾರಲ್ಲ, ಅದು. ಇಲ್ಲಿರುವ ನಮ್ಮ ಕಡೆಯ ಹೆಂಗಸರೆಲ್ಲ ಬಂದರು. ಮನೆ ತುಂಬ ಮಲ್ಲಿಗೆಯ ಬದಲು ಅಂಗಡಿಯ ಗುಲಾಬಿ, ಬಾಗಿಲಲ್ಲಿ ಬೂಟುಗಳ ರಾಶಿ. ಅವ್ವ ಬೆಳಿಗ್ಗೆಯೇ ತಟ್ಟೆ ಜೋಡಿಸಿಟ್ಟು, ಮೊಣಕಾಲು ನೋವು ಎಂದು ಮಾಳಿಗೆ ಹತ್ತಿ ಕುಳಿತಳು. ಮೊಣಕಾಲು ನೋವಿನವರು ಮೆಟ್ಟಿಲು ಹತ್ತುತ್ತಾರೆಯೇ! ನಾನು ದೊಡ್ಡ ಹೊಟ್ಟೆ ಹೊತ್ತು ಮೇಲೆ ಹೋದೆ.

"ಅವ್ವಾ, ಕೆಳಗ ಬಾ. ನೀನೇ ತುಂಬು. ಇಲ್ಲಿ ಯಾರೂ ಏನೂ ಅನ್ನೂದಿಲ್ಲ."

"ಯಾರರ ಅನ್ನಲಿ, ಬಿಡಲಿ. ನನಗ ಅನಸ್ತೈತಲ್ಲವಾ," ಎಂದಳು ಅವ್ವ. "ಹೊಟ್ಯಾಗ ಕೂಸು ಇಟಗೊಂಡು ನಿಂತೀ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನಾ ಜೀವಾ ಇರೂತನಕ ನನ್ನ ಕೈ ನೋಡಕೋತ ಕುಂದರಬೇಕು. ಬ್ಯಾಡ. ಹೋಗು, ಮಂದಿ ಕಾಯಾಕತ್ತಾರ."

ಅವ್ವ ಜನರಿಗೆ ಹೆದರಿದ್ದರೆ ಜಗಳವಾಡಬಹುದಿತ್ತು. ಅವಳು ಹೆದರಿದ್ದು ನನ್ನ ಮೇಲಿನ ಪ್ರೀತಿಯಿಂದ. ಕೆಳಗೆ ಬಂದು ಎಲ್ಲರಿಂದ ಉಡಿ ತುಂಬಿಸಿಕೊಂಡೆ, ಫೋಟೋಗೆ ನಕ್ಕೆ.

ಮಗಳು ಹುಟ್ಟಿದಳು. ಹೊರಗೆ ದಿನವಿಡೀ ಜಿಟಿಜಿಟಿ ಮಳೆ, ಒಳಗೆ ಅವ್ವನ ಬಾಣಂತನ. ಅಂಟಿನ ಉಂಡಿ, ಎಣ್ಣೆ ನೀರು, ಲೋಬಾನದ ಹೊಗೆ. ಮೊದಲ ದಿನ ಲೋಬಾನ ಹಾಕಿದಾಗ ಚಾವಣಿಯ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಅವ್ವ ಕೂಸನ್ನು ನನ್ನ ತೊಡೆಗೆ ಹಾಕಿ, ಕುರ್ಚಿಯ ಮೇಲೆ ನಿಂತು ಸೆರಗಿನಿಂದ ಗಾಳಿ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದಳು. ಅವಳ ಸೆರಗು ಮಾಡದ ಕೆಲಸವಿರಲಿಲ್ಲ. ಬಿಸಿ ಪಾತ್ರೆ ಇಳಿಸುವುದು, ಕೂಸಿನ ಬಾಯಿ ಒರೆಸುವುದು, ತೊಟ್ಟಿಲಿಗೆ ಬೆಳಕು ಬೀಳದಂತೆ ಮರೆ ಮಾಡುವುದು, ಎಲ್ಲಕ್ಕೂ ಅದೇ. ನನಗೆ ಹಾಲುಣಿಸಲು ಅನುಕೂಲವೆಂದು ಟೀ ಶರ್ಟು, ಪೈಜಾಮ. "ಒರಸಾಕ ಒಂದು ತುಂಡು ಅರಿವಿ ಇಲ್ಲದಂಗ ಹೆಂಗಿರತೀರೇ ನೀವು" ಎಂದು ಬೈಯುತ್ತಿದ್ದಳು.

ಕೂಸು ಮಲಗಿದಾಗ ನಾನು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಿದ್ದೆ. ಬಾಣಂತಿ ಕಣ್ಣಿಗೆ ಒಳ್ಳೆಯದಲ್ಲ ಎಂದು ಎರಡು ದಿನ ಗೊಣಗಿದ ಅವ್ವ ಮೂರನೆಯ ದಿನ ಬಂದು ಎದುರಿಗೆ ಕುಳಿತಳು. "ಏನೈತಿ ಅದರಾಗ ಅಂಥಾದ್ದು? ನನಗೂ ಹೇಳು."

ಹೇಳಿದೆ. ಇಂಗ್ಲೆಂಡಿನ ಉತ್ತರದಲ್ಲಿ ಒಬ್ಬ ದೊಡ್ಡ ಜಹಗೀರುದಾರ. ಹಡಗು ಕಟ್ಟಿಕೊಂಡು ಸಮುದ್ರ ಅಲೆದವನು, ಮನೆಯ ಕಡೆ ನಿಗಾ ಇಲ್ಲ. ಇಬ್ಬರು ಗಂಡುಮಕ್ಕಳು ಚಿಕ್ಕಂದಿನಲ್ಲೇ ತೀರಿಹೋಗಿ ಒಬ್ಬಳೇ ಮಗಳು ಉಳಿದಳು. ಅವನು ಸಾಯುವಾಗ ಕೋಟೆ, ಹೊಲ, ಊರು ಎಲ್ಲವನ್ನೂ ತಮ್ಮನ ಹೆಸರಿಗೆ ಬರೆದ. ಮಗಳಿಗೆ ಮದುವೆಗೆಂದು ಒಂದಿಷ್ಟು ಹಣ, ಅಷ್ಟೇ. ಆದರೆ ಹಳೆಯ ರಾಜರು ಆ ಜಹಗೀರು ಕೊಟ್ಟಾಗ, ಮಗನಿಲ್ಲದಿದ್ದರೆ ಮಗಳಿಗೂ ಸೇರುವಂತೆ ಕೊಟ್ಟಿದ್ದರು. ಆ ಹಳೆಯ ಕಾಗದಪತ್ರ ಹುಡುಕಿ ತೆಗೆಸಿದವಳು ಹುಡುಗಿಯ ತಾಯಿ. ಗಂಡ ಸತ್ತ ಮೇಲೆ ಮೈದುನನ ಎದುರು ನಿಂತು ಮಗಳ ಪರವಾಗಿ ದಾವೆ ಹೂಡಿದವಳೂ ಆಕೆಯೇ.

"ಗಟ್ಟಿಗಿತ್ತಿ," ಎಂದಳು ಅವ್ವ. "ಆ ದೊರೆಸಾನಿ ಹೆಸರೇನ?"

ಹೇಳಿದೆ. ಆ ಹೆಸರು ಅವ್ವನ ಬಾಯಿಗೆ ಒಗ್ಗಲಿಲ್ಲ. ಅಂದಿನಿಂದ ತಾಯಿ ಹಿರೇ ದೊರೆಸಾನಿ, ಮಗಳು ಸಣ್ಣ ದೊರೆಸಾನಿ. ದಿನಾ ಮಧ್ಯಾಹ್ನ ಕತೆ ಆಗಲೇಬೇಕು. ನನ್ನ ಗಂಡ ಸಂಜೆ ಆಫೀಸಿನಿಂದ ಬಂದಾಗ ಅವ್ವ ಅವರಿಗೂ ವರದಿ ಒಪ್ಪಿಸುತ್ತಿದ್ದಳು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅವರಿಗೆ ಅವ್ವನ ಮಾತು ಅರ್ಧ ಅರ್ಥವಾಗುತ್ತಿತ್ತು. "ಅತ್ತೆ, ಈ ಕೇಸು ಇನ್ನೂ ನಡೀತಾ ಇದೆಯಾ? ನಮ್ಮ ಕೋರ್ಟಿಗಿಂತ ಕಷ್ಟ ಆಯ್ತಲ್ಲ!" ಎಂದು ಕೀಟಲೆ ಮಾಡುತ್ತಿದ್ದರು.

ನಾನು ಗಾಡಿ ಓಡಿಸುವಷ್ಟು ಚೇತರಿಸಿಕೊಂಡ ಮೇಲೆ ಕತೆ ಕಾರಿನಲ್ಲಿ ಮುಂದುವರಿಯಿತು. ಕೂಸನ್ನು ಡಾಕ್ಟರ ಬಳಿಗೆ, ಅವ್ವನನ್ನು ದೇವಸ್ಥಾನಕ್ಕೆ, ಬೆಲ್ವ್ಯೂಗೆ ತರಕಾರಿಗೆ ಎಂದು ದಿನಕ್ಕೊಂದು ತಿರುಗಾಟ. ಸಣ್ಣ ದೊರೆಸಾನಿಗೆ ಮದುವೆಯಾಯಿತು. ಗಂಡ ಆಸ್ಥಾನದ ಶೋಕೀಲಾಲ, ಜೂಜಿನ ಚಟ. ಹೊಲದ ತಂಟೆ ಬಿಟ್ಟು ಸಹಿ ಹಾಕು, ಕೈಗೆ ಬರುವ ಹಣ ತೆಗೆದುಕೊಳ್ಳೋಣ ಎಂದು ಅವನ ಒತ್ತಾಯ. ಕೊನೆಗೆ ರಾಜನೇ ಕರೆಸಿ, ತನ್ನ ತೀರ್ಪಿಗೆ ಒಪ್ಪಿ ಸಹಿ ಮಾಡು ಎಂದ. ಸುತ್ತ ನಿಂತ ದೊಡ್ಡವರೆಲ್ಲ ಒಪ್ಪಿದರು. ಅವಳೊಬ್ಬಳು ಒಪ್ಪಲಿಲ್ಲ.

"ರಾಜನ ಮುಂದ?" ಎಂದಳು ಅವ್ವ, ಸೀಟುಬೆಲ್ಟನ್ನು ಜಗ್ಗಿ ನನ್ನ ಕಡೆ ತಿರುಗಿ.

"ರಾಜನ ಮುಂದ."

"ಏನಂತ ಹೇಳಿದ್ಲು?"

"ಜೀವಾ ಇರೂತನಕ ಆ ಭೂಮಿ ಬಿಡೂದಿಲ್ಲ ಅಂತ."

ಅವ್ವ ಜಗ್ಗಿದ್ದ ಬೆಲ್ಟು ಬಿಟ್ಟು ಮುಂದಕ್ಕೆ ತಿರುಗಿ ಕುಳಿತಳು. ಆಮೇಲೆ, "ಬೆನ್ನಿಗೆ ಅವ್ವ ಇದ್ದಳಲ್ಲ. ಅದಕ್ಕ ಅಷ್ಟು ಧೈರ್ಯ" ಎಂದಳು.

ಹೆಂಡತಿ ಮಣಿಯದಿದ್ದಾಗ ಆ ಗಂಡ ಅವಳ ಪುಟ್ಟ ಮಗಳನ್ನು ತನ್ನ ಬಳಿಗೆ ಕರೆಸಿಕೊಂಡ ಎಂದು ಹೇಳಿದ ದಿನ ಅವ್ವನಿಗೆ ಸಿಟ್ಟು ನೆತ್ತಿಗೇರಿತು. ಕೂಸಿಗೆ ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. ಗಂಡನಿಗೆ ಮನಸಾರೆ ಬೈದಳು. ಬೈದು ಮುಗಿಸಿ ದೊರೆಸಾನಿಯ ಕಡೆ ತಿರುಗಿದಳು. "ಅಕಿನರ ಎಂಥಾಕಿ? ಕೂಸಿನ ಮುಂದ ಹೊಲಾ ದೊಡ್ಡದಾತೇನು? ಸಹಿ ಮಾಡಿ ಒಗದು ಕೂಸು ಎತಗೊಂಡು ಬರಬೇಕಿಲ್ಲೋ?" ಅವಳು ಸಹಿ ಮಾಡಲಿಲ್ಲ, ಕೂಸು ಆಮೇಲೆ ತಿರುಗಿ ಬಂತು ಎಂದೆ. ಅವ್ವನಿಗೆ ಸಮಾಧಾನವಾಗಲಿಲ್ಲ. ಎರಡು ದಿನ ದೊರೆಸಾನಿಯ ಮೇಲೆ ಮುನಿಸಿಕೊಂಡು ಕತೆ ಕೇಳಲಿಲ್ಲ. ಮೂರನೆಯ ದಿನ ತಾನೇ ಶುರುಮಾಡಿದಳು. "ನಾ ವಿಚಾರ ಮಾಡಿದೆ. ಅದು ಹೊಲದ ಮಾತಲ್ಲ. ಅವ್ವ ತನಗಾಗಿ ಇಷ್ಟು ಬಡದಾಡ್ಯಾಳ, ನಾ ಹೆಂಗ ಬಿಡಲಿ ಅಂತ ಅಕಿಗೆ. ಮುಂದ ಹೇಳು."

ಮುಂದೆ ಹೇಳಬೇಕಾದದ್ದು ಕಂಬದ ಕತೆ. ಅದನ್ನು ಹೇಳಿದ್ದು ಅವ್ವ ಊರಿಗೆ ಹೊರಡುವ ವಾರ. ವೀಸಾದ ಆರು ತಿಂಗಳು ಮುಗಿಯುತ್ತ ಬಂದಿತ್ತು. ಏಪ್ರಿಲ್ ಬಂದು ಬೀದಿಯ ಚೆರ್ರಿ ಮರಗಳು ಹೂಬಿಟ್ಟಿದ್ದವು. ಮಗಳು ಸ್ಟ್ರೋಲರಿನಲ್ಲಿ ನಿದ್ದೆ ಮಾಡುತ್ತಿದ್ದಳು. ನಾವಿಬ್ಬರೂ ಮನೆಯ ಮುಂದಿನ ಕಾಲುದಾರಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದೆವು.

ಆ ಗಲಾಟೆಯ ದಿನಗಳಲ್ಲಿ ಸಣ್ಣ ದೊರೆಸಾನಿ ಉತ್ತರದಲ್ಲಿದ್ದ ತಾಯಿಯನ್ನು ಕಾಣಲು ಹೋಗಿದ್ದಳು. ಇಬ್ಬರೂ ಕೂಡಿ ವಿಚಾರ ಮಾಡಿದರು, ಸಹಿ ಬೇಡ ಎಂದು ಗಟ್ಟಿ ಮಾಡಿಕೊಂಡರು. ಮಗಳು ಹೊರಟಾಗ ತಾಯಿ ಸ್ವಲ್ಪ ದೂರ ಜೊತೆಗೆ ಬಂದಳು. ದಾರಿಯ ಒಂದು ಕಡೆ ನಿಂತು ಇಬ್ಬರೂ ಅತ್ತು ಬೇರೆಯಾದರು. ಅದೂ ಏಪ್ರಿಲ್ ತಿಂಗಳೇ. ಮಾರನೆಯ ತಿಂಗಳು ತಾಯಿ ತೀರಿಕೊಂಡಳು. ಆಮೇಲೆ ಎಷ್ಟೋ ವರ್ಷ ಮಗಳು ಸೋಲುತ್ತಲೇ ಇದ್ದಳು. ಮೊದಲ ಗಂಡ ಸತ್ತ, ಎರಡನೆಯ ಮದುವೆಯಲ್ಲೂ ಸುಖವಿರಲಿಲ್ಲ. ಕಾಕಾ ಸತ್ತ, ಕಾಕಾನ ಮಗನೂ ಗಂಡುಸಂತಾನವಿಲ್ಲದೆ ಸತ್ತ. ಕೂದಲು ನೆರೆಯುವ ವಯಸ್ಸಿನಲ್ಲಿ ಆ ಭೂಮಿಯೆಲ್ಲ ತಾನಾಗಿ ಅವಳ ಬಳಿಗೆ ಬಂತು. ಅವಳು ಉತ್ತರಕ್ಕೆ ಹೋಗಿ ಬಿದ್ದ ಕೋಟೆಗಳನ್ನು ಎಬ್ಬಿಸಿ ಕಟ್ಟಿಸಿದಳು, ಹಾಸಿಗೆ ಪಾತ್ರೆ ಆಳುಕಾಳು ಸಮೇತ ಒಂದರಿಂದ ಇನ್ನೊಂದಕ್ಕೆ ತಿರುಗುತ್ತ ಹಣ್ಣು ಮುದುಕಿಯಾಗುವ ತನಕ ಬಾಳಿದಳು. ಮತ್ತು ತಾಯಿಯಿಂದ ಕೊನೆಯ ಸಲ ಬೇರೆಯಾದ ಆ ದಾರಿಯ ಬದಿಯಲ್ಲಿ ಒಂದು ಕಲ್ಲಿನ ಕಂಬ ನಿಲ್ಲಿಸಿದಳು. ಪಕ್ಕದಲ್ಲಿ ಒಂದು ಚಪ್ಪಡಿ. ಪ್ರತಿ ವರ್ಷ ಅದೇ ದಿನ ಆ ಚಪ್ಪಡಿಯ ಬಳಿ ಊರ ಬಡವರಿಗೆ ದಾನ ಕೊಡಬೇಕೆಂದು ಕಟ್ಟಳೆ ಮಾಡಿದಳು. ಕಂಬ ಇವತ್ತಿಗೂ ಇದೆ.

ಅವ್ವ ಸ್ಟ್ರೋಲರ್ ಹಿಡಿದು ನಿಂತಳು. "ಕಡೀ ಸಲ ಅವ್ವ ಮಗಳಿಗೆ ಏನ ಕೊಟ್ಟು ಕಳಿಸಿದ್ಲಂತ?"

"ಅದು ಪುಸ್ತಕದಾಗ ಇಲ್ಲವ್ವಾ."

"ಹಿರೇ ದೊರೆಸಾನಿ ಗಂಡ ಇಲ್ಲದಾಕಿ ಅಲ್ಲೇನ ಆವಾಗ?"

"ಹೌದು. ಭಾಳ ವರ್ಷ ಆಗಿತ್ತು."

"ಅಂಥಾಕಿ ಕೈಯಿಂದ ಇಸಗೊಂಡ್ರ ಮಗಳಿಗೆ ಕೆಡಕಾಗತೈತಿ ಅಂತ ಅವರಾಗ ಯಾರೂ ಅನ್ನೂದಿಲ್ಲೇನು?"

"ಇಲ್ಲವ್ವಾ. ಅಕಿ ಕೈಯಿಂದನ ಅಲ್ಲೇನ ಮಗಳಿಗೆ ಎಲ್ಲಾ ಬಂದಿದ್ದು?"

ಅವ್ವ ಸ್ಟ್ರೋಲರ್ ಮೇಲೆ ಬಿದ್ದ ಹೂವಿನ ಎಸಳುಗಳನ್ನು ಒಂದೊಂದಾಗಿ ಆರಿಸಿ ಕೆಳಗೆ ಹಾಕಿದಳು. ನಾನು ಉಡಿಯ ಮಾತು ಎತ್ತಲಿಲ್ಲ. ಕುಬಸದ ದಿನ ಅವಳು ಕೊಟ್ಟ ಉತ್ತರ ಕೇಳಿದ ಮೇಲೆ ಮತ್ತೆ ಕೇಳಿ ನೋಯಿಸುವುದು ಬೇಡ ಎನಿಸಿತ್ತು. ಆಸೆಯನ್ನು ನಾನು ಅಲ್ಲಿಗೆ ಕೈಬಿಟ್ಟಿದ್ದೆ.

ಹೊರಡುವ ದಿನ ನನ್ನ ಗಂಡನಿಗೆ ಆಫೀಸಿನಲ್ಲಿ ತಪ್ಪಿಸಿಕೊಳ್ಳಲಾಗದ ಕೆಲಸ ಬಂತು. ಅವರು ಬೆಳಿಗ್ಗೆಯೇ ಅವ್ವನ ಕಾಲಿಗೆ ನಮಸ್ಕಾರ ಮಾಡಿ ಹೋದರು. ನಮ್ಮ ಬೀದಿಯ ಹಿರಿಯ ತೆಲುಗು ದಂಪತಿ ಅದೇ ವಿಮಾನದಲ್ಲಿ ಹೊರಟಿದ್ದರು. ಅವರ ಮಗ ಅವರನ್ನು ಮೊದಲೇ ಬಿಟ್ಟುಬರುವುದು, ಅವರು ಬಾಗಿಲಲ್ಲಿ ಕಾಯ್ದು ಅವ್ವನನ್ನು ಜೊತೆಗೆ ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ನಾನು ಕಾರು ಪಾರ್ಕ್ ಮಾಡಿ ಒಳಗೆ ಬರುತ್ತೇನೆ ಎಂದೆ. ಥಂಡಿಯಲ್ಲಿ ಎಳೆ ಕೂಸನ್ನು ಆ ಜಾತ್ರೆಯೊಳಗೆ ತರಬೇಡ ಎಂದು ಅವ್ವ ಬಿಡಲಿಲ್ಲ. ನಾನು ಜೀನ್ಸ್ ತೊಟ್ಟು, ಮೇಲೆ ಮಳೆ ತಡೆಯುವ ಜಾಕೆಟ್ಟಿನ ಜಿಪ್ಪು ಕುತ್ತಿಗೆಯ ತನಕ ಎಳೆದುಕೊಂಡು ಹೊರಟೆ.

ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಇಳಿಸುವ ಲೇನು ಗೊತ್ತಲ್ಲ, ಅಲ್ಲಿ ಕಾರು ನಿಲ್ಲಿಸಿ ನಿಟ್ಟುಸಿರು ಬಿಡಲೂ ಹೊತ್ತಿರುವುದಿಲ್ಲ. ಹಿಂದೆ ಕಾರುಗಳ ಸಾಲು. ಹಳದಿ ಅಂಗಿ ತೊಟ್ಟ ಕಾವಲಿನವನು ಮುಂದೆ ಸರಿ, ಮುಂದೆ ಸರಿ ಎಂದು ಕೈ ಬೀಸುತ್ತಿದ್ದ. ಹಿಂದಿನ ಸೀಟಿನಲ್ಲಿ ಮಗಳು ಎದ್ದು ಅಳಲು ಶುರುಮಾಡಿದಳು. ನಾನು ಸೂಟ್‌ಕೇಸುಗಳನ್ನು ಇಳಿಸಿ ಟ್ರಾಲಿಗೆ ಏರಿಸಿದೆ. ಬಾಗಿಲ ಬಳಿ ತೆಲುಗು ದಂಪತಿ ಕೈ ಎತ್ತಿದರು. ತಿರುಗಿ ನೋಡಿದರೆ ಅವ್ವ ತನ್ನ ವ್ಯಾನಿಟಿ ಬ್ಯಾಗನ್ನು ಟ್ರಾಲಿಯ ಮೇಲಿಟ್ಟು, ಅದರೊಳಗಿಂದ ಒಂದು ಕರವಸ್ತ್ರದ ಗಂಟು ತೆಗೆದು ಬಿಚ್ಚುತ್ತಿದ್ದಾಳೆ. ಅಕ್ಕಿ. ನಮ್ಮ ಅಡುಗೆಮನೆಯ ಡಬ್ಬಿಯ ಸೋನಾ ಮಸೂರಿ. ಉತ್ತತ್ತಿ, ಅರಿಶಿನದ ಕೊಂಬು, ಮಡಿಸಿದ ಹಸಿರು ಖಣ.

"ಬಾ ಇಲ್ಲೆ," ಎಂದಳು. "ಉಡಿ ಒಡ್ಡು."

ನಾನು ಟ್ರಾಲಿ ಬಿಟ್ಟು ಹತ್ತಿರ ಬಂದೆ. "ಅವ್ವಾ..."

"ರಾಜನ ಮುಂದ ಒಲ್ಲೆ ಅಂದಾಕಿ ನೆನಪಾದ್ಲು. ಆತು, ಏನ ಆಗತೈತೋ ಆಗಲಿ ಅಂತ ಧೈರ್ಯ ಮಾಡಿ ಕಟಗೊಂಡು ಬಂದೀನಿ. ಒಡ್ಡು ಲಗೂ."

ನನ್ನ ಕೈ ತನ್ನಷ್ಟಕ್ಕೆ ಹೆಗಲಿಗೆ ಹೋಯಿತು, ಸೆರಗು ಹುಡುಕಿಕೊಂಡು. ಅಲ್ಲಿ ಜಾಕೆಟ್ಟಿನ ಟೊಪ್ಪಿಗೆ ಸಿಕ್ಕಿತು. ಅವ್ವ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅಕ್ಕಿ ತುಂಬಿದ ಅಂಗೈ ನನ್ನ ಮುಂದೆ ಚಾಚಿಕೊಂಡೇ ಇತ್ತು. ನಾನು ಕೈ ಒಡ್ಡಲು ಹೋದೆ.

"ಬರೇ ಕೈಯಾಗ ಯಾರರ ಉಡಿ ತುಂಬತಾರೇನು, ಹುಚ್ಚಿ," ಎಂದು ನಕ್ಕುಬಿಟ್ಟಳು. ನನಗೂ ನಗು ಬಂತು. ಹಳದಿ ಅಂಗಿಯವನು ಕಾರಿನ ಬಾನೆಟ್ಟನ್ನು ತಟ್ಟಿದ. ಮಗಳ ಅಳು ಏರಿತು.

"ಇರಲಿ ಬಿಡು. ದೀಪಾವಳಿಗೆ ಬರತೀರಲ್ಲ, ಆವಾಗ ಇಳಕಲ್ ಸೀರಿ ಉಟಗೊಂಡು ನಿಂದ್ರು. ಚಿಗವ್ವನ ಮುಂದನ ತುಂಬತೀನಿ. ಈ ಅಕ್ಕಿನ ಇಟ್ಟಿರತೀನಿ." ಅಕ್ಕಿಯನ್ನು ಒಂದು ಕಾಳೂ ಬೀಳದಂತೆ ಕರವಸ್ತ್ರಕ್ಕೆ ಸುರಿದು ಗಂಟು ಹಾಕಿದಳು. ಕಾರಿನ ಕಿಟಕಿಯಲ್ಲಿ ಬಗ್ಗಿ ಮೊಮ್ಮಗಳ ಕಾಲು ಮುಟ್ಟಿ ಮುತ್ತು ಕೊಟ್ಟಳು. "ಹೋಗಿ ಬರತೀನವಾ," ಎಂದು ಟ್ರಾಲಿ ತಳ್ಳಿಕೊಂಡು ಹೊರಟಳು. ಗಾಜಿನ ಬಾಗಿಲು ಮುಚ್ಚಿಕೊಂಡಿತು. ನಾನು ಹೈವೇಯಲ್ಲಿ ನಗುತ್ತಲೇ ಮನೆಗೆ ಬಂದೆ; ಅಷ್ಟು ಖುಷಿಯಾಗಿತ್ತು. ಅವ್ವ ಒಪ್ಪಿದ್ದಳು. ಇನ್ನೇನು ಬೇಕು, ದೀಪಾವಳಿ ಎಷ್ಟು ದೂರ?

ಆ ವರ್ಷದ ಶ್ರಾವಣದಲ್ಲಿ ಅವ್ವ ಹೋದಳು. ಬೆಳಿಗ್ಗೆ ರಂಗೋಲಿ ಹಾಕಿ ಒಳಗೆ ಬಂದು ಕುಳಿತವಳು ಏಳಲಿಲ್ಲವಂತೆ. ಮಗಳ ಪಾಸ್‌ಪೋರ್ಟಿಗೆ ಭಾರತದ ವೀಸಾ ಇನ್ನೂ ಬಂದಿರಲಿಲ್ಲ. ನಾನು ಧಾರವಾಡ ಮುಟ್ಟುವ ಹೊತ್ತಿಗೆ ಎಲ್ಲ ಕಾರ್ಯ ಮುಗಿದು ಮನೆ ತೊಳೆದಿದ್ದರು. ಚಿಗವ್ವ ಅವ್ವನ ಟ್ರಂಕು ತೆಗೆದು ತೋರಿಸಿದಳು. ಹಸಿರು ಖಣ ಇತ್ತು. ಅರಿಶಿನದ ಕೊಂಬೂ ಇತ್ತು.

"ಇದರ ಕೂಡ ಒಂದು ಕರವಸ್ತ್ರದಾಗ ಅಕ್ಕಿ ಇರಬೇಕಿತ್ತಲ್ಲ, ಚಿಗವ್ವಾ?"

"ಹೂಂ, ಇತ್ತವಾ. ನುಸಿ ಹತ್ತಿತ್ತು. ಎದಕ್ಕ ಇಟ್ಟಿದ್ಲೋ ಏನೋ, ಅರಿವಿ ಹಾಳಾಗತಾವ ಅಂತ ಅಂಗಳದಾಗ ಗುಬ್ಬಿಗೆ ಹಾಕಿದೆ," ಎಂದಳು ಪಾಪ, ಒಳ್ಳೆಯ ಮನಸ್ಸಿನಿಂದ.

ವರ್ಷ ತುಂಬುವ ತನಕ ಆ ಮನೆಯಲ್ಲಿ ಉಡಿ ತುಂಬುವ ಹಾಗಿರಲಿಲ್ಲ. ನಾನು ಬರಿದೇ ಹೊರಟುಬಂದೆ. ವಿಮಾನದಲ್ಲಿ ಕುಳಿತಾಗ ನೆನಪಾದದ್ದೆಲ್ಲ ಆ ಇಳಿಸುವ ಲೇನು. ಕಾರಿನಲ್ಲಿ ಮಗಳ ದುಪ್ಪಟಿ ಇತ್ತು. ಅವಳ ಬಟ್ಟೆಯ ಚೀಲ ಇತ್ತು. ಚಳಿಗೆಂದು ಅವ್ವ ಹೊದ್ದಿದ್ದ ಶಾಲು ಅವಳ ಹೆಗಲ ಮೇಲೇ ಇತ್ತು. ಇಷ್ಟೆಲ್ಲ ಇದ್ದೂ ನಾವಿಬ್ಬರೂ ಸೆರಗಿಲ್ಲ ಎಂದು ನಕ್ಕು ಬೇರೆಯಾದೆವು. ವರ್ಷಗಟ್ಟಲೆ ಕಾಯ್ದ ಅಕ್ಕಿ ನನ್ನಿಂದ ಒಂದು ಗೇಣು ದೂರದಲ್ಲಿತ್ತು.

ಪ್ರಬಂಧವನ್ನು ಆ ಚಳಿಗಾಲದಲ್ಲಿ ಬರೆದು ಮುಗಿಸಿದೆ. ಕಂಬದ ಭಾಗ ಚೆನ್ನಾಗಿದೆ ಎಂದು ಪಾಠ ಮಾಡಿದವರು ಮೆಚ್ಚಿದರು. ಆಮೇಲೆ ಮೊದಲ ಸಲ ಯಾರನ್ನೋ ಬಿಡಲು ವಿಮಾನ ನಿಲ್ದಾಣಕ್ಕೆ ಹೊರಟಾಗ, ಯಾಕೆಂದು ಯೋಚಿಸದೆಯೇ ಇಳಕಲ್ ಸೀರೆ ತೆಗೆದು ಉಟ್ಟೆ. ಅಲ್ಲಿ ಕಂಬ ನೆಡಲು ಯಾರೂ ಬಿಡುವುದಿಲ್ಲವಲ್ಲ. ಸೆರಗು ಹೊದ್ದು ಒಂದು ಕ್ಷಣ ಆ ಜಾಗದಲ್ಲಿ ನಿಂತು ಬರುತ್ತೇನೆ, ಅಷ್ಟೇ. ಹಾಗೆ ಎಷ್ಟೋ ಸಲ ಹೋಗಿ ಬಂದೆ.

ಮೊನ್ನೆ ಮೊನ್ನೆ, ಅವ್ವ ಹೋಗಿ ಹತ್ತು ವರ್ಷವಾಗುತ್ತ ಬಂದ ಏಪ್ರಿಲ್‌ನಲ್ಲಿ, ಅದೇ ತೆಲುಗು ದಂಪತಿ ಹೈದರಾಬಾದಿಗೆ ಹೊರಟರು. ಅವರ ಮಗ ಊರಲ್ಲಿರಲಿಲ್ಲ. ನಾನೇ ಬಿಡಲು ಹೋದೆ. ಮಗಳಿಗೆ ಶಾಲೆಗೆ ರಜೆ, ಹಿಂದಿನ ಸೀಟಿನಲ್ಲಿ ಹಳದಿ ರೇನ್‌ಕೋಟು ತೊಟ್ಟು ಕುಳಿತಿದ್ದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ದಾರಿಯಲ್ಲಿ ಅವಳು ಕೇಳಿದಳು, "ಅಮ್ಮಾ, ಏರ್‌ಪೋರ್ಟಿಗೆ ವೈ ಆಲ್ವೇಸ್ ಸೀರೆ?"

ಆ ದಂಪತಿಯ ಎದುರಿಗೇ ಹೇಳಿದೆ. ಜಾರಿಕೊಳ್ಳಲು ಅವತ್ತು ಮನಸ್ಸು ಬರಲಿಲ್ಲ. ದೊರೆಸಾನಿಯ ಕತೆ, ಕಂಬದ ಕತೆ, ಅಜ್ಜಿಯ ಅಕ್ಕಿಯ ಕತೆ, ನನ್ನ ಜೀನ್ಸಿನ ಕತೆ, ಎಲ್ಲ. ಇಳಿಯುವಾಗ ತೆಲುಗು ಆಂಟಿ ಕಣ್ಣೊರೆಸಿಕೊಂಡು ನನ್ನ ಕೆನ್ನೆ ಮುಟ್ಟಿ ಒಳಗೆ ಹೋದರು. ನಾನು ಎಂದಿನಂತೆ ಒಂದು ಕ್ಷಣ ನಿಂತೆ. ಹಿಂದಿನ ಬಾಗಿಲು ತೆರೆದುಕೊಂಡಿತು. ಮಗಳು ಕೆಳಗಿಳಿದು ನನ್ನ ಮುಂದೆ ಬಂದು ನಿಂತಳು. ರೇನ್‌ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಎತ್ತಿ ಹಿಡಿದಳು. ಕೋಟಿನ ನಡುವೆ ಅಂದವಾದ ಒಂದು ಗುಳಿ ಆಯಿತು.

"ಯೂ ಕುಡ್ ಹ್ಯಾವ್ ಜಸ್ಟ್ ಡನ್ ದಿಸ್, ಅಮ್ಮಾ," ಎಂದಳು. ಹೀಗೆ ಮಾಡಿದ್ದರೆ ಆಗುತ್ತಿತ್ತಲ್ಲ, ಎಂದು.

ಆಗುತ್ತಿತ್ತು. ನನ್ನ ಜಾಕೆಟ್ಟಿಗೂ ಅಂಚು ಇತ್ತು. ಜಿಪ್ಪು ಇಳಿಸಿ ಎತ್ತಿ ಹಿಡಿದಿದ್ದರೆ ಮುಗಿದಿತ್ತು. ಅಳು ಒತ್ತಿಕೊಂಡು ಬಂತು, ಅತ್ತುಬಿಟ್ಟೆ. ಹಳದಿ ಅಂಗಿಯವನು ದೂರದಿಂದ ನೋಡಿ ಸುಮ್ಮನಾದ.

ಮಗಳು ಹಾಗೇ ನಿಂತಿದ್ದಳು. ಅವಳ ಪಾಲಿಗೆ ಅದು ತೋರಿಸಿಕೊಡುವುದಷ್ಟೇ ಆಗಿರಲಿಲ್ಲ. ಕತೆ ಕೇಳಿದವಳು ಈಗ ಅದರಲ್ಲಿ ಏನೋ ಬೀಳಬೇಕೆಂದು ಕಾಯುತ್ತಿದ್ದಳು. ದೊರೆಸಾನಿ ಆ ದಾರಿಯ ಬದಿಯಲ್ಲಿ ಕಂಬ ನೆಟ್ಟದ್ದು ಕೊಡುವುದಕ್ಕೆಂದು. ಅದನ್ನು ಪ್ರಬಂಧದಲ್ಲಿ ಬರೆದವಳೇ ನಾನು. ನಾನು ಮಾತ್ರ ಇಷ್ಟು ವರ್ಷ ಇಲ್ಲಿಗೆ ಸೆರಗು ಹೊದ್ದು, ಸತ್ತ ಅವ್ವನಿಂದ ಇಸಿದುಕೊಳ್ಳಲು ಬರುತ್ತಿದ್ದೆ. ಒಂದು ಸಲವೂ ಅಕ್ಕಿ ತಂದಿರಲಿಲ್ಲ. ಮಗಳು ಉಡಿ ಒಡ್ಡಿ ನಿಂತಿದ್ದಳು, ನನ್ನ ಕೈಯಲ್ಲಿ ಏನೂ ಇರಲಿಲ್ಲ.